ಸತ್ತ ಸೆಲ್ಲಿಗೆ ಕಂಕುಳ ಕಾವು

ಯಾರಾದರೂ ರಿಮೋಟು ಕೊಡಲು ಬಂದರೆ ಆಕೆ ಕೈ ಚಾಚುವುದಿಲ್ಲ, ಬಟ್ಟೆ ಚಾಚುತ್ತಾಳೆ. ಅಂಗೈ ಮೇಲೆ ಹರಡಿದ ಆ ಹಳದಿ ಬಟ್ಟೆಗೆ ರಿಮೋಟು ಬಿದ್ದ ಮೇಲೆ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವವರ ಹಾಗೆ ಎರಡು ಬೆರಳಲ್ಲಿ ಅದನ್ನೆತ್ತಿ, ಹಿಂದುಮುಂದು ತಿರುಗಿಸಿ ನೋಡಿ, "ಥೂ" ಎನ್ನುತ್ತಾಳೆ. ಕೊಟ್ಟವರು ಡಾಕ್ಟರೇ ಇರಲಿ, ದೊಡ್ಡ ಅಂಗಡಿಯ ಯಜಮಾನರೇ ಇರಲಿ, ಥೂ ತಪ್ಪಿದ್ದಲ್ಲ. ಅದಕ್ಕೇ ಆ ಸುತ್ತಿನ ಬೀದಿಗಳಲ್ಲೆಲ್ಲ ಆಕೆಗೆ ಥೂ ಅಕ್ಕ ಎಂದೇ ಹೆಸರು. "ಬಾಗಿಲು ಏಳ್ತಾ ಇಲ್ಲ, ಥೂ ಅಕ್ಕಂಗೆ ಫೋನ್ ಮಾಡಿ" ಎನ್ನುತ್ತಾರೆ. ಆಕೆಗೂ ಈ ಹೆಸರು ಗೊತ್ತು, ಬೇಜಾರಿಲ್ಲ. ಉಗಿಸಿಕೊಳ್ಳುವವರಿಗೇ ಇಲ್ಲದ ನಾಚಿಕೆ ಉಗಿಯುವವಳಿಗೇಕೆ?

ಕೆಲಸ ಇಷ್ಟೇ. ಮನೆಗೆ ಅಂಟಿಕೊಂಡ ಕಾರಿನ ಗ್ಯಾರೇಜುಗಳಿಗೆ ತಾನೇ ಮೇಲೆದ್ದು ತಾನೇ ಕೆಳಗಿಳಿಯುವ ಬಾಗಿಲು ಇರುತ್ತದಲ್ಲ, ಅದನ್ನು ಎತ್ತುವ ಮೋಟಾರು ಛಾವಣಿಗೆ ತೂಗುಬಿದ್ದಿರುತ್ತದೆ. ಕರೆಂಟು ಹೋದಾಗಲೂ ಬಾಗಿಲು ಏಳಲಿ ಎಂದು ಮೋಟಾರಿನ ಡಬ್ಬಿಯೊಳಗೆ ಇಟ್ಟಿಗೆ ತೂಕದ ಒಂದು ಬ್ಯಾಟರಿ ಕೂತಿರುತ್ತದೆ. ಕಾರಿನೊಳಗೆ ಕೂತು ಒತ್ತುವ ರಿಮೋಟಿನಲ್ಲಿ ಕಿರುಬೆರಳ ತುದಿಯಷ್ಟು ಸೆಲ್ಲು. ಎರಡೂ ಒಂದು ದಿನ ಸಾಯುತ್ತವೆ. ಸತ್ತದ್ದನ್ನು ತೆಗೆದು ಹೊಸದನ್ನು ಕೂರಿಸಿ, ಬಾಗಿಲು ಏರಿಸಿ ಇಳಿಸಿ ತೋರಿಸಿ ಬರುವುದು ಥೂ ಅಕ್ಕನ ಹೊಟ್ಟೆಪಾಡು. ಮೊದಲು ಇದನ್ನು ಗಂಡ ಮಾಡುತ್ತಿದ್ದ. ಅವನು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಏಣಿ ಆಕೆಗೆ ಬಂತು, ಫೋನು ಅವನ ಹತ್ತಿರ ಉಳಿಯಿತು.

ಇಷ್ಟು ಸಣ್ಣ ಕೆಲಸದಲ್ಲಿ ಅಷ್ಟು ದೊಡ್ಡ ಅಸಹ್ಯ ಎಲ್ಲಿಂದ ಬಂತು ಎಂದು ಕೇಳುವವರು ಒಮ್ಮೆ ಆಕೆಯ ಏಣಿ ಹತ್ತಿ ನೋಡಬೇಕು. ಮುಂದಿನ ಕೋಣೆಯಲ್ಲಿ ಹೂದಾನಿ ಇಟ್ಟು, ಕಿಟಕಿಗೆ ಬಿಳಿ ಪರದೆ ಬಿಟ್ಟು, ಬಂದವರಿಗೆ ಚಪ್ಪಲಿ ಹೊರಗೆ ಬಿಡಿ ಎನ್ನುವ ಮಹಾನುಭಾವರ ಗ್ಯಾರೇಜಿನೊಳಗೆ ಮೂಗು ಬಿಟ್ಟುಕೊಂಡು ನಿಲ್ಲುವ ಹಾಗಿಲ್ಲ. ಒದ್ದೆಯಾದ ಹಾಸಿಗೆ, ಬೂಷ್ಟು ಹಿಡಿದ ಬೂಟು, ಅರ್ಧ ಒಣಗಿದ ಬಣ್ಣದ ಡಬ್ಬಿ, ಕೊಳೆತು ನೀರಾದ ಆಲೂಗಡ್ಡೆ ಚೀಲ. ಮನೆಯೊಳಗೆ ಇಡಲು ನಾಚಿಕೆ, ಬಿಸಾಡಲು ಆಸೆ, ಅಂಥದ್ದೆಲ್ಲ ಅಲ್ಲಿ. ಮೋಟಾರಿನ ಮುಚ್ಚಳ ಬಿಚ್ಚಿದರೆ ಇಲಿಹಿಕ್ಕೆ ತಲೆ ಮೇಲೆ ಉದುರುತ್ತದೆ. ರಿಮೋಟುಗಳದ್ದು ಬೇರೆಯೇ ಕಥೆ. ಒಬ್ಬಳು ಮಹರಾಯಿತಿ ನಾಯಿಯ ಬಾಯಿಂದ ಎಳೆದು, ಜೊಲ್ಲು ಸುರಿಯುತ್ತಿದ್ದ ರಿಮೋಟನ್ನು ಹಾಗೇ ಕೊಡಲು ಬಂದಿದ್ದಳು. ಸೆಲ್ಲು ಸೋರಿ ಒಳಗೆಲ್ಲ ಬಿಳಿ ಹಸಿರು ಹಕ್ಕಳೆ ಕಟ್ಟಿದ್ದರೂ ಅದರ ಮೇಲೇ ಹೊಸ ಸೆಲ್ಲು ತುರುಕಿ, "ನಿಮ್ಮ ಮಾಲೇ ಸರಿಯಿಲ್ಲ" ಎಂದು ಜಗಳಕ್ಕೆ ಬರುವವರು ಇನ್ನೂ ಎಷ್ಟೋ ಜನ.

"ಹೊಲಸಿನ ಮೇಲೆ ಹೊಸದು ಕೂರಲ್ಲ" ಎನ್ನುತ್ತಾಳೆ ಥೂ ಅಕ್ಕ. ಆ ಒಂದು ಮಾತು ಬಿಟ್ಟರೆ ಆಕೆಗೆ ಬೇರೆ ಶಾಸ್ತ್ರವಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ವಿನೆಗರ್ ಹಚ್ಚಿ, ಹಕ್ಕಳೆಯೆಲ್ಲ ಏಳುವ ತನಕ ಉಜ್ಜಿ, ಒರೆಸಿ, ಆರಿಸಿ, ಆಮೇಲೆಯೇ ಹೊಸ ಸೆಲ್ಲು. ಸತ್ತ ಸೆಲ್ಲಿಗೆ ಒಂದು ತುಂಡು ಟೇಪು ಸುತ್ತಿ ಕೋಟಿನ ಎಡಜೇಬಿಗೆ ಹಾಕುತ್ತಾಳೆ, ಹೊಸದು ಯಾವತ್ತೂ ಬಲಜೇಬಿನಲ್ಲಿ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಈ ಎಡಬಲ ತಪ್ಪುವುದಿಲ್ಲ.

ಗಂಡನ ಕಾಲದಲ್ಲಿ ಇನ್ನೊಂದು ಉಪಾಯವಿತ್ತು. ಚಳಿಗಾಲದಲ್ಲಿ ಹೊಸ ಸೆಲ್ಲು ಮುಗಿದುಹೋಗಿ, ಗಿರಾಕಿ ಆಫೀಸಿಗೆ ಹೊತ್ತಾಯಿತೆಂದು ಬಡಕೊಳ್ಳುತ್ತಿದ್ದರೆ, ಗಂಡ ಸತ್ತ ಸೆಲ್ಲನ್ನೇ ತೆಗೆದು ತನ್ನ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಮೊಟ್ಟೆಗೆ ಕಾವು ಕೊಟ್ಟ ಹಾಗೆ ಸ್ವಲ್ಪ ಹೊತ್ತು ಕಾವು ಕೊಟ್ಟರೆ ಆ ಸೆಲ್ಲು ಒಂದೇ ಒಂದು ಸಲ ಜೀವ ಹಿಡಿದು ಬಾಗಿಲು ಎತ್ತಿ, ಮತ್ತೆ ಸಾಯುತ್ತಿತ್ತು. ಆಕೆಗೆ ಇದನ್ನು ನೆನೆಸಿಕೊಂಡರೇ ಅಸಹ್ಯ. ಒಮ್ಮೆ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗ, "ನಿನ್ನ ಭಾವಮೈದುನನ ಕಂಕುಳ ಸೆಲ್ಲನ್ನ ಮುಟ್ಟಿ ಆಮೇಲೆ ಅದೇ ಕೈಯಲ್ಲಿ ಬನ್ನು ತಿಂದಿದ್ದಾನೆ ಅಣ್ಣಾ ಒಬ್ಬ ಗಿರಾಕಿ" ಎಂದು ಮುಖ ಸಿಂಡರಿಸಿ ಹೇಳಿದ್ದಳು. ಅಣ್ಣ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಿದ್ದ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎನ್ನುತ್ತಾರೆ. ಈ ಮಾತು ಬಹಳ ದಿನ ಬಂತು.

ಈ ಅಣ್ಣನ ವಿಷಯ ಹೇಳಬೇಕು, ಯಾಕೆಂದರೆ ಥೂ ಅಕ್ಕ ಥೂ ಎನ್ನದ ಮನುಷ್ಯ ಭೂಮಿ ಮೇಲೆ ಅವನೊಬ್ಬನೇ. ಅಪ್ಪ ಹೋದ ಮೇಲೆ ಆಕೆಯನ್ನು ಬೆಳೆಸಿದವನು ಅವನು. ಬಸ್ ಡ್ರೈವರ್. ಶಾಲೆಗೆ ಅವನ ಬಸ್ಸಿನಲ್ಲೇ, ಇಂಜಿನ್ನಿನ ಪಕ್ಕದ ಸೀಟಿನಲ್ಲಿ ಹೋಗುತ್ತಿದ್ದಳು. ಡೀಸೆಲ್ ವಾಸನೆಗೆ ದಾರಿಯಲ್ಲಿ ಒಮ್ಮೆಯಾದರೂ ವಾಂತಿ ಮಾಡಿಕೊಳ್ಳುತ್ತಿದ್ದಳು. ಪ್ರಯಾಣಿಕರು ಮೂಗು ಮುಚ್ಚಿಕೊಂಡು ಗೊಣಗಿದರೆ ಅಣ್ಣ ಬಸ್ಸು ನಿಲ್ಲಿಸಿ, ತಾನೇ ಮರಳು ಹಾಕಿ, ಬಳಿದು, ನೀರು ಸುರಿದು, "ಮಗು ತಿಂದಿದ್ದೇ ತಾನೇ ಬಂದಿರೋದು, ವಿಷ ಅಲ್ಲವಲ್ಲ" ಎಂದು ಮತ್ತೆ ಸ್ಟಿಯರಿಂಗ್ ಹಿಡಿಯುತ್ತಿದ್ದ. ಅವನ ಬಾಯಲ್ಲಿ ಒಂದು ದಿನವೂ ಛೀ ಎಂಬ ಮಾತು ಬಂದಿರಲಿಲ್ಲ. ಕಂಡಕ್ಟರ್ ಊಟಕ್ಕೆ ಹೋದಾಗ ಬಸ್ಸು ಹಿಂದಕ್ಕೆ ತೆಗೆಯಬೇಕಾದರೆ ಆಕೆಯನ್ನೇ ಕೆಳಗಿಳಿಸುತ್ತಿದ್ದ. ಪುಟ್ಟ ಅಂಗೈಯಿಂದ ಬಸ್ಸಿನ ಮೈ ಬಡಿಯುತ್ತ "ರೈಟ್, ರೈಟ್" ಎಂದು ಕೂಗುವಾಗ ಆಕೆಗೆ ತಾನೇ ಬಸ್ಸು ಓಡಿಸಿದಷ್ಟು ಹೆಮ್ಮೆ.

ಅಂಥ ಅಣ್ಣನ ಕಣ್ಣು ಈಗ ಹೋಗುತ್ತಿತ್ತು. ಪೂರ್ತಿ ಅಲ್ಲ, ನಟ್ಟನಡುವೆ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಇದಕ್ಕೆ ಮದ್ದಿಲ್ಲ, ಗಾಡಿ ಮುಟ್ಟಬೇಡಿ ಎಂದು ಡಾಕ್ಟರ್ ಹೇಳಿ ಆಗಿತ್ತು. ಅಣ್ಣ ಕೇಳಿಸಿಕೊಂಡ, ಅಷ್ಟೇ. "ದಾರಿ ಕಣ್ಣಿಗಲ್ಲ ಕಣೇ ಪುಟ್ಟಿ, ಕೈಗೆ ಗೊತ್ತಿರುತ್ತೆ" ಎಂದು ದಿನಾ ಬೆಳಿಗ್ಗೆ ಕಾರು ತೆಗೆದು, ಬಸ್ ಡಿಪೋದ ಗೇಟಿನ ಹತ್ತಿರ ಹಳೇ ಡ್ರೈವರುಗಳ ಜೊತೆ ಟೀ ಕುಡಿದು ಬರುತ್ತಿದ್ದ. ಬಸ್ಸಿನಲ್ಲಿ ಹೋಗಬಾರದೇ ಎಂದರೆ ಉರಿದು ಬೀಳುತ್ತಿದ್ದ. ಜೀವಮಾನವೆಲ್ಲ ಬಸ್ಸು ಓಡಿಸಿದವನು ಇನ್ನೊಬ್ಬನ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲಬೇಕೇ?

ಅಣ್ಣನ ಮಗ ಒಂದು ದಿನ ಆಕೆ ಕೆಲಸ ಮಾಡುತ್ತಿದ್ದ ಕಡೆಗೇ ಹುಡುಕಿಕೊಂಡು ಬಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ, ಆಫೀಸಿನಲ್ಲಿ ಕೂತು ಕೂತು ದನಿಯೂ ಎಸಿ ಹಾಕಿದ ಹಾಗೆ ತಣ್ಣಗೆ.

"ಅತ್ತೆ, ಎದುರುಮನೆ ಅಜ್ಜಿ ದಿನಾ ಬೆಳಿಗ್ಗೆ ಬಿಸಿಲಿಗೆ ಅಂತ ರಸ್ತೆ ಅಂಚಲ್ಲಿ ಕುರ್ಚಿ ಹಾಕ್ಕೊಂಡು ಕೂರ್ತಾರೆ. ಅಪ್ಪ ಕಾರನ್ನ ಹಿಂದಕ್ಕೆ ತೆಗೆಯೋದೂ ಅದೇ ಹೊತ್ತಿಗೆ. ಯಾವತ್ತೋ ಒಂದಿನ ಆ ಅಜ್ಜಿ ಮೇಲೇ ಹತ್ತಿಸಿಬಿಡ್ತಾರೆ."

"ಹಾಗಂತ ನಿಮ್ಮಪ್ಪಂಗೆ ಹೇಳು. ಕಾರಿನ ಕೀ ಇಸ್ಕೋ."

"ಕೀ ಕೇಳಿದ್ರೆ ಮನೆ ರಣರಂಗ ಆಗುತ್ತೆ. ಮಲಗುವಾಗಲೂ ದಿಂಬಿನ ಕೆಳಗೇ ಇಟ್ಕೋತಾರೆ. ಅದಕ್ಕೇ... ಗೋಡೆ ಮೇಲಿನ ಸ್ವಿಚ್ಚನ್ನ ಶಾರ್ಟ್ ಆಗಿದೆ ಅಂತ ನಾನೇ ತೆಗೆಸಿದೀನಿ. ಬಾಗಿಲನ್ನ ಕೈಯಲ್ಲಿ ಎತ್ತೋ ಶಕ್ತಿ ಅವರಿಗಿಲ್ಲ. ಉಳಿದಿದ್ದು ರಿಮೋಟು. ನೀವು ಅದಕ್ಕೆ ಸತ್ತ ಸೆಲ್ ಹಾಕ್ಬಿಟ್ರೆ ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಥೂ ಅಕ್ಕ ಏಣಿಯ ಮೇಲಿಂದಲೇ ಅವನ ಮುಖಕ್ಕೆ ಥೂ ಎಂದಳು. ಹೆತ್ತ ಅಪ್ಪನ ಎದುರು ಕೂತು ನಾಲ್ಕು ಮಾತಾಡುವ ಗಂಡಸುತನ ಇಲ್ಲದೆ ಸೆಲ್ಲಿನ ಹಿಂದೆ ಅವಿತುಕೊಳ್ಳಲು ಬಂದಿದ್ದಾನೆ!

"ಹಾಗಾದ್ರೆ ನೀವೇ ಹೇಳಿ ಅತ್ತೆ" ಎಂದ ಅವನು, ಒಂಚೂರೂ ಬಿಸಿಯಾಗದೆ. "ನಿಮ್ಮ ಮಾತಾದ್ರೆ ಕೇಳ್ತಾರೆ."

ಹೇಳಬಹುದು. ಆದರೆ ಯಾವ ಬಾಯಲ್ಲಿ? "ಅಣ್ಣಾ, ನೀನಿನ್ನು ಗಾಡಿ ಓಡಿಸಬೇಡ" ಎಂದು ಆ ಮನುಷ್ಯನಿಗೆ ಹೇಳುವುದೆಂದರೆ, ಇನ್ನು ಉಸಿರಾಡಬೇಡ ಎಂದ ಹಾಗೆ. ಬೆಕ್ಕಿಗೆ ಗಂಟೆ ಕಟ್ಟಲು ಹೆದರುವ ಇಲಿಗಳ ಸಾಲಿನಲ್ಲಿ ತಾನೂ ಒಬ್ಬಳು ಎಂದು ಗೊತ್ತಾದಾಗ ಆಕೆಗೆ ಆದ ಹೇಸಿಗೆ ಯಾವ ಗ್ಯಾರೇಜಿನಲ್ಲೂ ಆಗಿರಲಿಲ್ಲ. ಆದರೂ ಮಾರನೆಯ ದಿನ ಹೋದಳು. ಜೀವಮಾನದಲ್ಲಿ ಮೊದಲ ಸಲ, ಹೊಸ ಸೆಲ್ಲು ಹಾಕುವವಳ ಹಾಗೆ ನಟಿಸುತ್ತ ಎಡಜೇಬಿಗೆ ಕೈ ಹಾಕಿದಳು. ಬಾಗಿಲು ಏರಿಸಿ ಇಳಿಸಿ ತೋರಿಸುವುದಕ್ಕೂ ನಿಲ್ಲದೆ ಹೊರಟುಬಂದಳು.

ಆಮೇಲೆ ಶುರುವಾಯಿತು ನೋಡಿ. ಅಣ್ಣ ಫೋನು ಮಾಡುವುದು, ಆಕೆ ಹೋಗುವುದು, ಟೇಪು ಕಿತ್ತ ಇನ್ನೊಂದು ಹೆಣವನ್ನು ಒಳಗಿಟ್ಟು ಬರುವುದು. ಅಣ್ಣನಿಗೆ ಆಕೆಯ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ. "ನಿನ್ನ ತಪ್ಪೇನಿದೆ ಪುಟ್ಟಿ, ಆ ಕಂಪನಿಯವರು ಕಳ್ಳರು. ನಿನ್ನಂಥವಳಿಗೂ ಟೋಪಿ ಹಾಕ್ತಿದಾರೆ" ಎನ್ನುತ್ತಿದ್ದ. ಡಿಪೋದ ಗೆಳೆಯರಿಗೂ ಫೋನಿನಲ್ಲಿ, "ನಮ್ಮ ತಂಗಿ ಕೈ ಇಟ್ಟ ಕೆಲಸದಲ್ಲಿ ಮೋಸ ಅನ್ನೋದಿಲ್ಲ, ಈಗಿನ ಮಾಲೇ ಹಾಗೆ" ಎಂದು ಹೇಳುವುದು ಆಕೆಯ ಕಿವಿಗೆ ಬೀಳುತ್ತಿತ್ತು. ಮನೆಗೆ ಬಂದು ಸೋಪು ಹಚ್ಚಿ ಹಚ್ಚಿ ಕೈ ತೊಳೆದರೂ ಏನೋ ಅಂಟು. ಊಟ ಸೇರುತ್ತಿರಲಿಲ್ಲ. ಗಂಡ ಏನೆಂದು ಕೇಳಿದರೆ, "ನಾನೇ ಕೊಳೆತಿದೀನಿ ಬಿಡಿ, ಬೇರೆಯವರ ಗ್ಯಾರೇಜಿಗೇನು ಉಗಿಯೋದು" ಎಂದು ತಟ್ಟೆ ಸರಿಸಿ ಏಳುತ್ತಿದ್ದಳು.

ಚಳಿ ಇನ್ನೂ ಕಳೆಯದ ಒಂದು ಬೆಳಿಗ್ಗೆ ಅಣ್ಣನ ಮಗನ ಫೋನು ಬಂತು. ತಣ್ಣನೆಯ ದನಿ ಅವತ್ತು ಕೊನೆಗೂ ಬಿಸಿಯಾಗಿತ್ತು.

"ಹೊಸ ಸೆಲ್ ಹಾಕಿ ಬಂದಿದೀರಾ ಅತ್ತೆ? ಅಪ್ಪ ಕಾರು ತೆಗೆದು ಅಜ್ಜಿ ಕುರ್ಚಿ ಮೇಲೆ ಹತ್ತಿಸಿದಾರೆ! ಅಜ್ಜಿ ಕನ್ನಡಕ ತರೋಕೆ ಅಂತ ಒಳಗೆ ಹೋಗಿದ್ರು, ಬಚಾವಾದ್ರು."

ಆಕೆ ಹೋಗಿ ನೋಡಿದರೆ ಪ್ಲಾಸ್ಟಿಕ್ ಕುರ್ಚಿ ಹಪ್ಪಳದ ಹಾಗೆ ಚಪ್ಪಟೆಯಾಗಿ ರಸ್ತೆ ಅಂಚಿನಲ್ಲಿ ಬಿದ್ದಿದೆ. ಅಜ್ಜಿ ಬಾಗಿಲಲ್ಲಿ ನಿಂತು, ಕೈಯಲ್ಲಿ ಕನ್ನಡಕ ಹಿಡಿದುಕೊಂಡು, ಹಾಕಿಕೊಳ್ಳುವುದನ್ನೇ ಮರೆತು ಕುರ್ಚಿಯನ್ನು ನೋಡುತ್ತಿದ್ದಾಳೆ. ಇಷ್ಟಾದರೂ ಅಣ್ಣ ಮಾತ್ರ ಡಿಪೋಗೆ ಹೋಗಿ ಟೀ ಕುಡಿದು ಬಂದು, ಬಾಗಿಲು ಇಳಿಸಿದ ಗ್ಯಾರೇಜಿನಲ್ಲಿ ಕಾರಿನ ಗಾಜು ಒರೆಸುತ್ತ ಹಾಡು ಗುನುಗುತ್ತಿದ್ದಾನೆ.

"ಯಾರೋ ರಟ್ಟಿನ ಡಬ್ಬ ಎಸೆದಿದ್ರು ಕಣೇ ದಾರೀಲಿ" ಎಂದ. "ಟಪ್ ಅಂತು. ಈ ಬೀದಿ ಜನಕ್ಕೆ ಕಸ ಎಲ್ಲಿ ಹಾಕಬೇಕು ಅನ್ನೋ ಬುದ್ಧಿ ಇಲ್ಲ."

ರಟ್ಟಿನ ಡಬ್ಬ! ಅದು ಕುರ್ಚಿ ಎಂದು ಹೇಳಬೇಕಿತ್ತು. ಆದರೆ ಅದಕ್ಕೂ ಮೊದಲು ಗೊತ್ತಾಗಬೇಕಾದ್ದು, ಬಾಗಿಲು ಎದ್ದದ್ದು ಹೇಗೆ? ಏಣಿ ಹತ್ತಿ ಮೋಟಾರು ನೋಡಿದಳು. ಗೋಡೆಯ ಸ್ವಿಚ್ಚಿನ ಜಾಗದಲ್ಲಿ ವೈರುಗಳಿಗೆ ಸುತ್ತಿದ ಟೇಪು ಹಾಗೇ ಇತ್ತು. ಪಕ್ಕದ ಮನೆಯ ರಿಮೋಟಿಗೆ ಈ ಬಾಗಿಲೇನಾದರೂ ಏಳುತ್ತದೋ ಎಂದು ಅದನ್ನೂ ತರಿಸಿ ಒತ್ತಿದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಆಕೆಯ ಹುಡುಕಾಟ ಅಕ್ಷರಶಃ ಅದೇ ಆಗಿತ್ತು. ಅಣ್ಣ ಸ್ವಲ್ಪ ಹೊತ್ತು ಮಜಾ ತೆಗೆದುಕೊಂಡು ನೋಡಿದ. ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ಒಳಗೆ ಕೈ ಹಾಕಿ, ಕಂಕುಳಿಂದ ಸೆಲ್ಲನ್ನು ತೆಗೆದು ಆಕೆಯ ಮೂಗಿನ ಮುಂದೆ ಹಿಡಿದ.

"ನೀನೇ ಹೇಳಿದ್ದಲ್ವಾ! ರಾತ್ರಿಯೆಲ್ಲ ಇಟ್ಕೊಂಡೇ ಮಲಗಿದ್ದೆ. ಹೋಗುವಾಗ ಒಂದು ಸಲ ಎದ್ದು ಕೂತ್ಕೊಳ್ತು. ಬರುವಾಗ ಡಿಪೋದಿಂದ ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕಂಕುಳು ಬಿಗಿ ಹಿಡಿದು ಕಾವು ಕೊಟ್ಟೆ. ಬಾಗಿಲು ಇಳೀತು!"

ಬೆವರಿಂದ ಜಿಗುಟಾಗಿ, ಎರಡು ಬಿಳಿ ಕೂದಲು ಅಂಟಿಕೊಂಡ ಆ ಸೆಲ್ಲಿನ ವಾಸನೆ ಆಕೆಯ ಗಂಟಲಿಗೆ ಹೊಡೆಯಿತು. ಜೇಬಿನಿಂದ ಹಳದಿ ಬಟ್ಟೆ ತೆಗೆದು ಬಾಯಿಗೆ ಒತ್ತಿಕೊಂಡಳು. ಆದರೆ ವಾಕರಿಕೆ ಬಂದದ್ದು ಆ ಬೆವರಿಗಲ್ಲ. ಕಣ್ಣು ಕಾಣದವನು ಒಂದೇ ಕೈಯಲ್ಲಿ ಇಡೀ ಊರು ದಾಟಿ ಬಂದಿದ್ದಾನೆ. ಆ ಉಪಾಯ ಹೇಳಿಕೊಟ್ಟವಳು ತಾನು. ಅವನಿಗೆ ಅದು ಬೇಕಾಗುವ ಹಾಗೆ ಮಾಡಿದವಳೂ ತಾನೇ.

ಅಣ್ಣನ ಮಗ ಆಕೆಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಉಸುರಿದ. "ಸೆಲ್ ಬಿಟ್ಟಾಕಿ ಅತ್ತೆ. ಮೋಟಾರಿನ ಬ್ಯಾಟರಿ ಕಿತ್ತು, ವೈರೂ ಕತ್ತರಿಸಿಬಿಡಿ. ಸುಟ್ಟೋಗಿದೆ ಅಂತ ಹೇಳೋಣ."

"ಇನ್ನೂ ಎಷ್ಟು ಹೊಲಸಿನ ಮೇಲೆ ಕೂರಿಸ್ತೀಯೋ?" ಎಂದಳು ಆಕೆ. ಪಿಸುಗುಡಲಿಲ್ಲ, ಅಣ್ಣನಿಗೆ ಕೇಳುವಷ್ಟು ಜೋರಾಗಿಯೇ ಅಂದಳು. "ಒಳಗೆ ಹೋಗು. ಹೋಗು ಅಂದ್ನಲ್ಲ."

ಅವನು ಹೋದ. ಥೂ ಅಕ್ಕ ರಿಮೋಟಿನ ಬೆನ್ನು ಬಿಚ್ಚಿ, ಬ್ರಷ್ಷಿನಿಂದ ಉಜ್ಜಿ, ಒರೆಸಿ, ಬಲಜೇಬಿನಿಂದ ಹೊಸ ಸೆಲ್ಲು ತೆಗೆದು ಹಾಕಿ ಅಣ್ಣನ ಕೈಗೆ ಕೊಟ್ಟಳು.

"ಅಣ್ಣಾ, ಇದು ಹೊಸದು. ಇಷ್ಟು ದಿನ ನಾನು ಹಾಕಿದ್ದೆಲ್ಲ ಸತ್ತಿದ್ದು. ಗೊತ್ತಿದ್ದೇ ಹಾಕಿದ್ದು. ನೀನು ಗಾಡಿ ತೆಗೀಬಾರ್ದು ಅಂತ. ಬಾಯಿ ಬಿಟ್ಟು ಹೇಳೋ ಧೈರ್ಯ ನನಗೂ ನಿನ್ನ ಮಗಂಗೂ ಇರಲಿಲ್ಲ. ನೀನು ಹತ್ತಿಸಿದ್ದು ಡಬ್ಬದ ಮೇಲಲ್ಲ, ಎದುರುಮನೆ ಅಜ್ಜಿ ಕುರ್ಚಿ ಮೇಲೆ. ಅಜ್ಜಿ ಆಗ ತಾನೇ ಎದ್ದು ಹೋಗಿದ್ರು."

ಅಣ್ಣ ಆಕೆಯ ಮುಖದ ಪಕ್ಕಕ್ಕೆ, ಕಿವಿಯ ಕಡೆಗೆ ನೋಡಿದ. ಹಾಗೆ ನೋಡಿದರೇ ಅವನಿಗೆ ಅಷ್ಟಿಷ್ಟು ಕಾಣುವುದು. ಆಮೇಲೆ, ವಾಂತಿ ಬಳಿಯುವಾಗಲೂ ಆಡದ ಮಾತನ್ನು ಆಡಿದ.

"ಥೂ."

ಊರಿಗೆಲ್ಲ ಹಂಚುವ ಮಾತು ತನಗೇ ಬಂದಾಗ ಎಷ್ಟು ಭಾರ ಎಂದು ಆಕೆಗೆ ಅವತ್ತು ಗೊತ್ತಾಯಿತು.

"ಕುರ್ಚಿ ಅಂತೆ, ಅಜ್ಜಿ ಅಂತೆ" ಎಂದ ಅಣ್ಣ. "ಸೆಲ್ಲಿನಲ್ಲಿ ಸುಳ್ಳು ಹೇಳಿದವಳು ಇದರಲ್ಲಿ ನಿಜ ಹೇಳ್ತೀಯಾ? ನನ್ನ ಕಣ್ಣು ನನಗೆ ಗೊತ್ತು. ದಾರಿ ಬಿಟ್ಟು ಆಚೆ ಸರಿ."

ಕಾರು ಹತ್ತಿ ಕೂತ. ರಿಮೋಟು ಒತ್ತಿದ. ಮೋಟಾರು ಗುರುಗುಟ್ಟಿ, ಬಾಗಿಲು ಹಲಗೆ ಹಲಗೆಯಾಗಿ ಮೇಲೆ ಸರಿದು, ಗ್ಯಾರೇಜಿನೊಳಗೆ ಬೆಳಗಿನ ಬಿಸಿಲು ನುಗ್ಗಿತು. ಇಂಜಿನ್ನು ಶುರುವಾಯಿತು. ಥೂ ಅಕ್ಕ ಗೋಡೆ ಮತ್ತು ಕಾರಿನ ನಡುವಿನ ಸಂದಿಯಲ್ಲಿ ನುಸುಳಿ ಕಾರಿನ ಹಿಂದಕ್ಕೆ ಹೋಗಿ ನಿಂತಳು. ಸರಿಯಾಗಿ ನಡುವೆ, ಡಿಕ್ಕಿಗೆ ಒಂದು ಮೊಳ ದೂರದಲ್ಲಿ. ಮೈಮೇಲೆ ಕೆಲಸದ ಕಿತ್ತಳೆ ಕೋಟು, ರಸ್ತೆಯ ಆ ತುದಿಯಿಂದಲೂ ಕಣ್ಣಿಗೆ ಹೊಡೆಯುವಂಥ ಬಣ್ಣ. ಹಿಂದಕ್ಕೆ ಹೋಗುವ ಗಾಡಿಯ ಬಿಳಿ ದೀಪ ಹೊತ್ತಿಕೊಂಡು ಆಕೆಯ ಮೊಣಕಾಲಿನ ಮೇಲೆ ಬಿತ್ತು. ಆಕೆ ಸರಿಯಲಿಲ್ಲ. ಕನ್ನಡಿಯಲ್ಲಿ ಅಣ್ಣನ ಮುಖ ಆಕೆಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಕನ್ನಡಿಯನ್ನೇ ನೋಡುತ್ತಿದ್ದ. ನೇರವಾಗಿ ಆಕೆಯನ್ನೇ.

ಕಿಟಕಿಯ ಗಾಜು ಇಳಿಯಿತು. ಸಿಟ್ಟಿನಲ್ಲಿದ್ದರೂ ಹಳೇ ಅಭ್ಯಾಸ ಎಲ್ಲಿ ಬಿಟ್ಟೀತು? ಹಿಂದಕ್ಕೆ ತೆಗೆಯುವ ಮುಂಚೆ ಡ್ರೈವರ್ ಕೇಳಲೇಬೇಕಾದ ಮಾತು ಅದು.

"ಪುಟ್ಟಿ, ಎಲ್ಲಿದೀಯ? ಹಿಂದೆ ಯಾರಾದ್ರೂ ಇದಾರಾ ನೋಡು. ಇಲ್ಲ ಅಂದ್ರೆ ರೈಟ್ ಹೇಳು."

ಆಕೆ ಕೈ ಚಾಚಿ ಕಾರಿನ ಮೈ ಮೇಲೆ ಅಂಗೈ ಇಟ್ಟಳು. ಬಡಿಯಲಿಲ್ಲ.

"ನಾನೇ ಇದೀನಿ ಅಣ್ಣಾ."

"ಎಲ್ಲಿ?"

"ಹಿಂದೆ. ನಿನ್ನ ಕನ್ನಡೀಲಿ."

ಅಣ್ಣ ಮತ್ತೊಮ್ಮೆ ಕನ್ನಡಿ ನೋಡಿದ. ಕೈಯಿಂದ ಅದನ್ನು ಮೇಲೆ ತಿರುಗಿಸಿದ, ಕೆಳಗೆ ತಿರುಗಿಸಿದ, ತೋಳಿನಿಂದ ಒರೆಸಿದ. ಆಮೇಲೆ ಇಂಜಿನ್ನು ನಿಂತಿತು. ಬಿಳಿ ದೀಪ ಆರಿತು. ಕಾರಿನೊಳಗಿಂದ ಇನ್ನೊಂದು ಥೂ ಕೇಳಿಸಿತು, ಬಹಳ ಸಣ್ಣದು. ಅದು ತನಗಲ್ಲ ಎಂದು ಆಕೆಗೆ ತಿಳಿಯಿತು. ತನಗೇ ಆಗಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಇಳಿದು, ಕಾರಿನ ಮೈ ಸವರುತ್ತ ಹಿಂದಕ್ಕೆ ಬಂದ. ಚಾಚಿದ ಕೈ ಕಿತ್ತಳೆ ಕೋಟಿಗೆ ತಾಗಿದ ಕೂಡಲೇ ಬೆಂಕಿ ಮುಟ್ಟಿದ ಹಾಗೆ ಹಿಂದೆಗೆದ. ಎಷ್ಟು ಹತ್ತಿರ ನಿಂತಿದ್ದಾಳೆ ಎಂದು ಆಗಲೇ ಅವನಿಗೆ ಗೊತ್ತಾದದ್ದು.

"ನಿಂಗೇನು ತಲೆ ಕೆಟ್ಟಿತ್ತೇನೇ?" ಎಂದ. ದನಿ ಒಡೆದಿತ್ತು. "ನಾನು ಬಿಟ್ಟಿದ್ರೆ?"

"ನೀನು ಕೇಳದೆ ಬಿಡಲ್ಲ ಅಂತ ಗೊತ್ತಿತ್ತು."

ಅಣ್ಣ ರಿಮೋಟಿನ ಬೆನ್ನು ಬಿಚ್ಚಲು ನೋಡಿದ. ಬೆರಳಿಗೆ ಜಾಗ ಸಿಗಲಿಲ್ಲ, ಮತ್ತೆ ನೋಡಿದ. ಆಕೆ ಸಹಾಯಕ್ಕೆ ಹೋಗಲಿಲ್ಲ. ಕೊನೆಗೂ ಮುಚ್ಚಳ ಬಿಚ್ಚಿ, ಉಗುರಿನಿಂದ ಸೆಲ್ಲು ಎಬ್ಬಿಸಿ, ಅಂಗೈ ಮೇಲಿಟ್ಟುಕೊಂಡು ಆಕೆಯ ಕಡೆಗೆ ಚಾಚಿದ.

"ಹೊಸದು ಅಂದ್ಯಲ್ಲ. ತಗೋ, ಬೇರೆ ಯಾರಿಗಾದ್ರೂ ಹಾಕು."

ಸೆಲ್ಲು ಅವನ ಕೈ ಬೆವರಿನಿಂದ ತೊಯ್ದು ಬೆಚ್ಚಗಿತ್ತು. ಆಕೆ ಅದನ್ನು ಬರಿಗೈಯಲ್ಲಿ ತೆಗೆದುಕೊಂಡಳು. ಹಳದಿ ಬಟ್ಟೆ ಜೇಬಿನಲ್ಲೇ ಇತ್ತು.